ಮೂತಿ ಎತ್ತಿದ ಪಿಕಪ್ಪು

ಡೀಸೆಲ್ ದರ ಏರಿದರೆ ಪಿಕಪ್ ಓನರುಗಳು ಗೊಣಗುತ್ತಾರೆ, ಕಂತು ತಪ್ಪಿದರೆ ಫೋನ್ ಸ್ವಿಚಾಫ್ ಮಾಡಿಕೊಳ್ಳುತ್ತಾರೆ. ಅವೆಲ್ಲ ಹಳೇ ಕಾಲದ ಚಿಂತೆಗಳು, ಬಿಡಿ. ಈಗ ಕೊಳ್ಳೇಗಾಲದ ಕಡೆ ಹುಡುಗರ ನಿದ್ದೆ ಕೆಡಿಸಿರುವುದು ಗಾಡಿಯ ಮೂತಿ. “ಹಿಂದ ಎತ್ತರ ಅದ, ಮುಂದ ತಗ್ಗು ಅದ ಕನಣ್ಣ, ನೋಡಕ್ಕೆ ಗತ್ತೇ ಇಲ್ಲ” ಅಂತ ನಮ್ಮ ಬೀದಿಯ ಹುಡುಗನೊಬ್ಬ ಗಾಡಿಯ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದ. ಕಣ್ಣಲ್ಲಿ ನೀರೊಂದು ಬಾಕಿ.

ಹುಡುಗ ಹೇಳಿದ್ದು ಸುಳ್ಳಲ್ಲ. ಖಾಲಿ ನಿಂತ ಪಿಕಪ್ಪನ್ನು ಪಕ್ಕದಿಂದ ನೋಡಿ, ಮೇವಿಗೆ ಬಾಗಿದ ಎತ್ತಿನ ಹಾಗೆ ಕಾಣುತ್ತದೆ. ಆದರೆ ಅದು ಕಂಪನಿಯವರ ಕೈತಪ್ಪು ಅಲ್ಲವೇ ಅಲ್ಲ. ಬೊಲೆರೊ ಪಿಕಪ್ಪಿನಲ್ಲಿ 1.3 ಟನ್ನಿನದು, 1.7 ಟನ್ನಿನದು ಅಂತ ಬರುತ್ತವಲ್ಲ, ಅಷ್ಟು ತೂಕ ಬಂದು ಕೂತಾಗ ಹಿಂದಿನ ಸ್ಪ್ರಿಂಗ್ ಪ್ಲೇಟುಗಳು ಬಾಗಿ ಗಾಡಿ ಸಮಕ್ಕೆ ನಿಲ್ಲಲಿ ಅಂತಲೇ ಹಿಂದೆ ಎತ್ತರ ಬಿಟ್ಟಿರುತ್ತಾರೆ. 2005ರಲ್ಲಿ ಬಂದ ಟಾಟಾ ಏಸ್‌ಗೂ ಇದೇ ಲೆಕ್ಕ. ಅಂದಮೇಲೆ ಮೂತಿ ತಗ್ಗಿಸಿಕೊಂಡು ನಿಂತ ಪಿಕಪ್ಪು ಅಂದರೆ ಬಾಡಿಗೆ ಸಿಗದ ಪಿಕಪ್ಪು. ಮದ್ದು ಬೇಕಾಗಿರುವುದು ಓನರಿಗೆ. ಒಂದು ಲೋಡ್ ಬಾಳೆಗೊನೆ ಹಿಡಿದುಕೊಟ್ಟರೆ ಸಂಜೆಯೊಳಗೆ ಗಾಡಿ ತಾನೇ ನೆಟ್ಟಗಾಗುತ್ತದೆ.

ಇನ್ನು ಬಾಡಿಗೆ ಸಿಕ್ಕವರ ಕತೆ ಕೇಳಿ. ಹನೂರು ಕಡೆ ಮುಸುಕಿನ ಜೋಳದ ಕಾಲ ಬಂತು ಅಂದರೆ ಆರ್‌ಸಿಯಲ್ಲಿ ಬರೆದ ತೂಕ ಯಾರಿಗೂ ಕಣ್ಣಿಗೆ ಕಾಣುವುದಿಲ್ಲ. “ಲೋಡಿಗೆ ಇರಲಿ” ಅಂತ ಹಿಂದಕ್ಕೆ ಒಂದು ಪ್ಲೇಟು ಜಾಸ್ತಿ ಹಾಕಿಸುತ್ತಾರೆ. ಹಿಂಭಾಗ ಮತ್ತಷ್ಟು ಏಳುತ್ತದೆ, ಮೂತಿ ಮತ್ತಷ್ಟು ತಗ್ಗಿದಂತೆ ಕಾಣುತ್ತದೆ. ಸರಿ, ಮುಂದಕ್ಕೂ ಒಂದು ಪ್ಲೇಟು. ಆಮೇಲೆ ಜೋಳದ ಮೂಟೆ ಬಿದ್ದಾಗ ಹಿಂದೆ ಕುಸಿದು, ಎತ್ತಿಸಿದ ಮೂತಿ ಆಕಾಶ ನೋಡುತ್ತದೆ. ಮತ್ತೆ ಹಿಂದಕ್ಕೆ ಇನ್ನೊಂದು. ಈ ಜಿದ್ದಿನಲ್ಲಿ ಇಲ್ಲಿತನಕ ಗೆದ್ದಿರುವವನು ಪ್ಲೇಟು ಮಾರುವವನೊಬ್ಬನೇ. ಬ್ರೇಕು ಅದೇ, ಟೈರು ಅದೇ, ಎಕ್ಸೆಲ್ ಅದೇ. ಪ್ಲೇಟು ಹೆಚ್ಚಿತು ಅಂತ ಆರ್‌ಸಿ ತೂಕವನ್ನೇನೂ ಯಾರೂ ತಿದ್ದಿಕೊಡುವುದಿಲ್ಲ. ಮೋಟಾರು ವಾಹನ ಕಾಯಿದೆಗೆ 2019ರ ತಿದ್ದುಪಡಿ ಆದಮೇಲೆ ಓವರ್‌ಲೋಡಿಗೆ ದಂಡ 20,000 ರೂಪಾಯಿ, ಅದರ ಮೇಲೆ ಹೆಚ್ಚುವರಿ ಟನ್ನಿಗೆ 2,000. ಆ ದುಡ್ಡಿಗೆ ಇನ್ನೊಂದು ಟ್ರಿಪ್ಪೇ ಹೊಡೆಯಬಹುದಿತ್ತಲ್ಲ ಸ್ವಾಮಿ!

ನಮ್ಮ ಹುಡುಗನ ಜೊತೆ ನಾನೂ ಗ್ಯಾರೇಜಿಗೆ ಹೋದೆ, ತಮಾಷೆ ನೋಡಲು ಕಾಸೇನೂ ಕೊಡಬೇಕಿಲ್ಲವಲ್ಲ. ಮೇಸ್ತ್ರಿ ಜಾಕ್ ಕೊಟ್ಟು ಚಕ್ರ ಬಿಚ್ಚಿ, ತುಕ್ಕು ಹಿಡಿದ ಯು ಬೋಲ್ಟಿಗೆ ಡೀಸೆಲ್ ಸುರಿದು ಬೀಡಿ ಹಚ್ಚಿದರು (ಡೀಸೆಲ್ಲಿನ ಪಕ್ಕದಲ್ಲೇ, ಹೌದು). ಬೀಡಿ ಮುಗಿಯುವಷ್ಟರಲ್ಲಿ ಬೋಲ್ಟು ಸಡಿಲಾಗಿತ್ತು. ಸೆಂಟರ್ ಬೋಲ್ಟ್ ತೆಗೆದದ್ದೇ ಪ್ಲೇಟುಗಳು ಒಂದರ ಮೇಲೊಂದು ಜಾರಿದವು. ಮಧ್ಯೆ ಮಧ್ಯೆ ಗ್ರೀಸು, ಮಣ್ಣು, ಒಂದು ಕಡೆ ಒಣಗಿದ ಕಬ್ಬಿನ ಸೋಗೆ. ಒಂದು ಪ್ಲೇಟು ಸವೆದು ತುದಿ ಚೂಪಾಗಿತ್ತು. ಮೇಸ್ತ್ರಿ ಅದನ್ನು ಹೆಬ್ಬೆರಳಲ್ಲಿ ಸವರಿ, “ಮೂತಿ ಎತ್ತದು ಅರ್ಧ ದಿನದ ಕೆಲ್ಸ ಕನಪ್ಪ. ಇಳಸಕ್ಕ ಬತ್ತಿಯಲ್ಲ, ಆಗ ಮಾತಾಡವ” ಅಂದರು. ಹುಡುಗ ನಕ್ಕ. ಮೇಸ್ತ್ರಿ ನಗಲಿಲ್ಲ.

ಹುಡುಗನ ತಲೆ ಕೆಡಿಸಿದ್ದು ಮೊಬೈಲು. ಅದರೊಳಗೆ ಇಸುಜು ವಿ-ಕ್ರಾಸ್, ಟೊಯೋಟಾ ಹೈಲಕ್ಸ್ ಗಾಡಿಗಳು ಮೂತಿ ಎತ್ತಿಕೊಂಡು ಮರಳಲ್ಲಿ ಹಾರುತ್ತವೆ. ಅವುಗಳ ಮುಂಭಾಗದ ಕಟ್ಟೋಣವೇ ಬೇರೆ, ಅಲ್ಲಿರುವುದು ಸುರುಳಿ ಸ್ಪ್ರಿಂಗು. ಅದರ ನೆತ್ತಿಯ ಮೇಲೆ ಒಂದು ಕಬ್ಬಿಣದ ಬಿಲ್ಲೆ ಕೂರಿಸಿದರೆ ಮುಗಿಯಿತು. ಚಕ್ರ ಹಿಡಿದಿರುವ ತೋಳು ಸನ್ನೆಗೋಲಿನಂತೆ ಕೆಲಸ ಮಾಡುವುದರಿಂದ ಅರ್ಧ ಇಂಚಿನ ಬಿಲ್ಲೆ ಗಾಡಿಯನ್ನು ಸುಮಾರು ಒಂದು ಇಂಚು ಎತ್ತುತ್ತದೆ. ಲಾಭದ ವ್ಯಾಪಾರ ಅನ್ನಿಸುತ್ತದೆ, ಆದರೆ ಚಕ್ರ ಹಳ್ಳಕ್ಕೆ ಇಳಿಯಲು ಇದ್ದ ಜಾಗ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಪ್ರತಿ ಹಂಪಿನ ಆಚೆಗೂ ‘ಠಕ್’.

ಪ್ಲೇಟಿನ ಗಾಡಿಗೆ ಬೇರೆ ರೋಗ. ಮುಂದಿನ ಪ್ಲೇಟಿನ ತುದಿಯನ್ನು ಚಾಸಿಗೆ ಜೋಡಿಸುವ ಶಾಕಲ್ ಉದ್ದ ಮಾಡಿ ಎತ್ತಿಸಿದರೆ ಎಕ್ಸೆಲ್ ಒರಗಿರುವ ಕೋನವೇ ಬದಲಾಗುತ್ತದೆ. ತಿರುವು ದಾಟಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದು ಈ ಒರಗಿನ ಕೃಪೆ. ಅದು ಕೆಟ್ಟಿತೋ, ತಾಳುಬೆಟ್ಟದಿಂದ ಮಾದಪ್ಪನ ಬೆಟ್ಟಕ್ಕೆ ಹತ್ತುವಾಗ ಪ್ರತಿ ತಿರುವಿನಲ್ಲೂ ಸ್ಟೇರಿಂಗ್ ಜೊತೆ ಕುಸ್ತಿ. ಅಲೈನ್‌ಮೆಂಟ್ ತಪ್ಪಿದರೆ ಟೈರು ಸವೆಯುವುದು ಇದರ ಮೇಲೆ. ಯಳಂದೂರು ದಾಟಿ ಬಿಳಿಗಿರಿ ಬೆಟ್ಟಕ್ಕೆ ಹೋದರೆ ರಂಗನಾಥನಿಗೆ ಭಕ್ತರು ದೊಡ್ಡ ಚರ್ಮದ ಮೆಟ್ಟು ಮಾಡಿಸಿ ಒಪ್ಪಿಸುವ ಪದ್ಧತಿ ಇದೆ, ಸ್ವಾಮಿ ಕಾಡು ಸುತ್ತಿ ಸವೆಸುತ್ತಾನಂತೆ. ದೇವರಿಗೆ ಹೊಸ ಜೋಡಿ ಬಿಟ್ಟಿ ಬರುತ್ತದೆ, ನಿನ್ನ ಟೈರಿಗೆ ಯಾವ ಭಕ್ತ ಇದ್ದಾನಪ್ಪ?

“ಕಲ್ಲು ದಾರೀಲಿ ತಗಲಬಾರದು ಅಂತ ಎತ್ತಿಸ್ತಾ ಇರದು” ಅನ್ನುವ ಬುದ್ಧಿವಂತರೂ ಉಂಟು. ಅಣ್ಣಾ, ಬಗ್ಗಿ ನೋಡು. ಹಿಂದಿನ ಎಕ್ಸೆಲಿನ ನಡುವೆ ಗುಂಡಗೆ ಜೋತಿದೆಯಲ್ಲ ಹೌಸಿಂಗು, ಕಲ್ಲಿಗೆ ಮೊದಲು ಬಡಿಯುವುದು ಅದು. ಪ್ಲೇಟು ಎಷ್ಟೇ ಏರಿಸು, ಅದು ನೆಲದಿಂದ ಒಂದು ಕೂದಲೆಳೆಯೂ ಏಳುವುದಿಲ್ಲ. ಅದನ್ನು ಎತ್ತಬೇಕಾದರೆ ದೊಡ್ಡ ಟೈರೇ ಬೇಕು. ಮಾದಪ್ಪನ ಬೆಟ್ಟದಿಂದ ಇಂಡಿಗನತ್ತದ ಕಡೆಗೆ ಕಲ್ಲುದಾರಿಯಲ್ಲಿ ಜೀಪು ಓಡಿಸಿದವರನ್ನು ಕೇಳಿ, ಕಲ್ಲಿನ ಮೇಲೆ ಚಕ್ರ ಹತ್ತಿಸಬೇಕು, ಕಲ್ಲನ್ನು ನಡುವೆ ಬಿಡಬಾರದು ಅನ್ನುತ್ತಾರೆ. ಅದಕ್ಕೆ ಬೇಕಾದ್ದು ಕಣ್ಣು ಮತ್ತು ಕ್ಲಚ್ಚಿನ ಮೇಲಿನ ಕಾಲು. ಎಪ್ಪತ್ತೇಳು ಮಲೆಯನ್ನೂ ಏನನ್ನೂ ಏರಿಸದೆ ಇಳಿಸದೆ ಸುತ್ತಿದ ವಾಹನ ಮಾದಪ್ಪನ ಹುಲಿ ಒಂದೇ. ಅದಕ್ಕೆ ಆರ್‌ಸಿಯೂ ಇರಲಿಲ್ಲ.

ನಮ್ಮ ಗಾಡಿಗೆ ಇದೆ. ನೋಂದಣಿಯಲ್ಲಿರುವ ವಿವರ ಕಂಪನಿ ಮೊದಲು ಕೊಟ್ಟ ವಿವರಕ್ಕೆ ತಾಳೆಯಾಗದಂತೆ ಗಾಡಿಯನ್ನು ಬದಲಾಯಿಸಕೂಡದು ಅನ್ನುತ್ತದೆ ಮೋಟಾರು ವಾಹನ ಕಾಯಿದೆಯ 52ನೇ ಕಲಂ. ಮೀರಿದರೆ ಬದಲಾವಣೆಯೊಂದಕ್ಕೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆದರೂ ಆಯಿತು. ಬಂಪರಿಗೆ ಕಟ್ಟಿದ ನಿಂಬೆಹಣ್ಣು ಮೆಣಸಿನಕಾಯಿ ಇದಕ್ಕೆ ಅಡ್ಡ ಬರುವುದಿಲ್ಲ.

ಇಷ್ಟೆಲ್ಲ ನಿಮ್ಮ ದುಡ್ಡು, ನಿಮ್ಮ ಟೈರು, ನಿಮ್ಮ ಸೊಂಟ. ನಾನು ಬಾಯಿ ಹಾಕುವುದು ಲೈಟಿನ ವಿಷಯಕ್ಕೆ. ಮುಂದಿನ ಚಕ್ರಕ್ಕೂ ಹಿಂದಿನದಕ್ಕೂ ಮೂರು ಮೀಟರ್ ಅಂತರ ಅಂದುಕೊಳ್ಳಿ. ಮುಂಭಾಗ ಐದು ಸೆಂಟಿಮೀಟರ್ ಎತ್ತಿದರೆ ಮೂವತ್ತು ಮೀಟರ್ ದೂರದಲ್ಲಿ ಬೆಳಕು ಅರ್ಧ ಮೀಟರ್ ಮೇಲೇರುತ್ತದೆ. ರಸ್ತೆಗೆ ಬೀಳಬೇಕಾದ ಬೆಳಕು ನೆಟ್ಟಗೆ ಎದುರಿಗೆ ಬರುವವನ ಕಣ್ಣಿಗೆ. ಜೊತೆಗೆ ಹಿಂದೆ ಲೋಡೂ ಕೂತರೆ ಕೇಳಲೇಬೇಡಿ, ಹೆದ್ದಾರಿ 948ರ ಬದಿಯ ತೆಂಗಿನ ಗರಿಗಳನ್ನು ಎಣಿಸಬಹುದು. ಎದುರಿನ ಲೈಟಿಲ್ಲದ ಎತ್ತಿನಗಾಡಿ ಮಾತ್ರ ಕಾಣುವುದಿಲ್ಲ.

ಆದ್ದರಿಂದ, ಮೂತಿ ಎತ್ತಿಸಿಯೇ ತೀರುತ್ತೇನೆ ಅನ್ನುವ ತಮ್ಮಂದಿರೇ, ಎತ್ತಿಸಿದ ದಿನವೇ ಅಲೈನ್‌ಮೆಂಟ್ ಮಾಡಿಸಿ. ಗಾಡಿಯನ್ನು ಗೋಡೆಯ ಮುಂದೆ ನಿಲ್ಲಿಸಿ, ಹೆಡ್‌ಲೈಟಿನ ಹಿಂದಿರುವ ಸ್ಕ್ರೂ ತಿರುಗಿಸಿ ಬೆಳಕು ಇಳಿಸಿಕೊಳ್ಳಿ. ಐದು ನಿಮಿಷದ ಕೆಲಸ. ರಾತ್ರಿ ಹನೂರು ರಸ್ತೆಯಲ್ಲಿ ಎದುರಿಗೆ ಟಿವಿಎಸ್ ಮೇಲೆ ಕಣ್ಣು ಮುಚ್ಚಿ ತೆರೆದು ಮಾಡುತ್ತಾ ಬರುವವನು ನಾನೇ.