ಶನಿವಾರದ ಬಡಗಿ

ಅಮೆರಿಕದಲ್ಲಿ ನೆಲೆಸಿದ ನಮ್ಮವರಲ್ಲಿ ಒಂದು ಬಗೆಯ ಗಂಡಸರಿದ್ದಾರೆ. ಊರಲ್ಲಿದ್ದಾಗ ಕ್ಯಾಲೆಂಡರ್ ತೂಗುಹಾಕುವ ಮೊಳೆಗೂ ಆಳು ಕರೆಸಿದವರು. ಅಲ್ಲಿ ಸ್ವಂತ ಮನೆ ಆಗುತ್ತಲೇ ಸೊಂಟಕ್ಕೆ ಚರ್ಮದ ಪಟ್ಟಿ, ಪಟ್ಟಿಯಲ್ಲಿ ಸುತ್ತಿಗೆ, ಕಿವಿಯ ಸಂದಿಯಲ್ಲಿ ಪೆನ್ಸಿಲ್. ಐದು ದಿನ ಸಾಫ್ಟ್‌ವೇರು, ಶನಿವಾರ ಬೆಳಗಾದರೆ ಹೋಮ್ ಡಿಪೋ. ಸಾಮಾನು ತರಲಿಕ್ಕೆ ಹೋಗುತ್ತಾರೆ ಅಂದುಕೊಳ್ಳಬೇಡಿ, ದರ್ಶನಕ್ಕೆ ಹೋಗುತ್ತಾರೆ. ಯಾವ ಸಾಲಿನಲ್ಲಿ ಯಾವ ಸ್ಕ್ರೂ ಎಂದು ಅಂಗಡಿಯ ಹುಡುಗರಿಗೇ ದಾರಿ ತೋರಿಸಬಲ್ಲರು.

ನನ್ನ ಪಾಲಿಗೆ ಬಂದವರು ನಮ್ಮ ಭಾವ. ತೀರ್ಥಹಳ್ಳಿ ಕಡೆಯವರು, ಈಗ ಟೆಕ್ಸಾಸ್‌ನಲ್ಲಿದ್ದಾರೆ. ಬಹಳ ಒಳ್ಳೆಯವರು. ಶುಕ್ರವಾರ ರಾತ್ರಿ ವಿಮಾನ ಇಳಿದವನ ಪೆಟ್ಟಿಗೆ ತಾವೇ ಎತ್ತಿ ಕಾರಿಗಿಟ್ಟು, ಅಮ್ಮನ ಮಂಡಿನೋವು ವಿಚಾರಿಸಿದರು. ಮನೆ ಮುಟ್ಟುವ ಮೊದಲೇ, "ನಾಳೆ ಏಳಕ್ಕೆ ರೆಡಿ ಇರು ಮಾರಾಯ, ಗೋಡೆ ಎಬ್ಬಿಸ್ಬೇಕು" ಎಂದರು.

ಹಿತ್ತಲಲ್ಲಿ ಎರಡು ಕಾರು ಹಿಡಿಯುವ ಗ್ಯಾರೇಜಿನ ಮೂರು ಗೋಡೆ ಎದ್ದಿದ್ದವು. ಉಳಿದದ್ದು ಮುಂದಿನ ಗೋಡೆ, ಬಾಗಿಲಿನದು. ಅಲ್ಲಿ ಗೋಡೆ ಅಂದರೆ ಮರದ ಚೌಕಟ್ಟು. 16 ಇಂಚಿಗೊಂದು ಕಂಬದಂತೆ ನೆಲದ ಮೇಲೆ ಮಲಗಿಸಿ ಜೋಡಿಸಿ, ಆಮೇಲೆ ಎಂಟ್ಹತ್ತು ಜನ ಸೇರಿ ಎತ್ತಿ ನಿಲ್ಲಿಸುವುದು. ಟೂ ಬೈ ಫೋರ್ ಎನ್ನುವ ಆ ಕಂಬ ಅಳೆದರೆ ಇರುವುದು ಒಂದೂವರೆ, ಮೂರೂವರೆ ಇಂಚು. "ಇಲ್ಲೂ ಅಳತೆಯಲ್ಲಿ ಹೊಡೀತಾರಾ?" ಎಂದೆ. ಭಾವ ನಗಲಿಲ್ಲ. ಮರ ಒಣಗಿಸಿ ನಯ ಮಾಡಿದರೆ ಎಷ್ಟು ಸವೆಯುತ್ತದೆಂದು ದೋಸೆ ತಣ್ಣಗಾಗುವವರೆಗೆ ಪಾಠವಾಯಿತು.

ಬಾಗಿಲು 16 ಅಡಿ ಅಗಲ. ಅಷ್ಟಗಲಕ್ಕೂ ನಡುವೆ ಒಂದು ಕಂಬ ಇಡುವಂತಿಲ್ಲ. ಛಾವಣಿಯ ಭಾರವೆಲ್ಲ ಮೇಲಿನ ತೊಲೆಗೆ. ತೆಳು ಪದರಗಳನ್ನು ಅಂಟಿಸಿ ಒತ್ತಿದ ಎರಡು ಹಲಗೆ, ಒಂದೊಂದು ಒಂದೂಮುಕ್ಕಾಲು ಇಂಚು ದಪ್ಪ; ಸೇರಿಸಿದರೆ ಸರಿಯಾಗಿ ಕಂಬದ ಮೂರೂವರೆ. ಇದನ್ನು ಹೇಳುವಾಗ ಭಾವನ ಗಂಟಲು ಕಟ್ಟಿತ್ತು. ಅಕ್ಕನ ಹೆರಿಗೆಯ ಸುದ್ದಿ ಹೇಳುವಾಗಲೂ ಅಷ್ಟು ಕಟ್ಟಿರಲಿಲ್ಲ.

ನನಗೆ ಒಪ್ಪಿಸಿದ ಕೆಲಸ ಟೇಪಿನ ತುದಿ ಹಿಡಿಯುವುದು. ನನ್ನ ಇಂಜಿನಿಯರಿಂಗ್ ಪದವಿಗೆ ಅವರು ಕೊಟ್ಟ ಬೆಲೆ ಅಷ್ಟು. ಕೊಯ್ಯುವ ಮುಂಚೆ ಎರಡು ಸಲ ಅಳೆಯಬೇಕೆಂದು ಉಪದೇಶಿಸಿ, ಎರಡು ಸಲ ಅಳೆದು, ಎರಡು ಸಲವೂ 16 ಅಡಿಗೇ ಗೆರೆ ಎಳೆದು ಗರಗಸ ಓಡಿಸಿದರು. ತೊಲೆ ಕೂರಬೇಕಾದದ್ದು ಬಾಗಿಲಿನ ಆಚೀಚೆಯ ಗಿಡ್ಡ ಕಂಬಗಳ ತಲೆಯ ಮೇಲೆ. ಪಕ್ಕಕ್ಕೆ ಎರಡರಂತೆ ನಾಲ್ಕು ಕಂಬ, ಒಂದೂವರೆ ಇಂಚಿನ ಲೆಕ್ಕದಲ್ಲಿ ಇನ್ನೂ 6 ಇಂಚು ಬೇಕಿತ್ತು. ತೊಲೆ ಯಾವ ಕಂಬಕ್ಕೂ ತಾಗದೆ ನಡುವೆ ಹಾಯಾಗಿ ಮಲಗಿತು. ಭಾವ ಟೇಪು ನೋಡಿದರು, ತೊಲೆ ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ನೀನು ತುದಿ ಸರಿಯಾಗಿ ಹಿಡ್ದಿರ್ಲಿಲ್ಲ."

ಗೋಡೆ ಎತ್ತಲು ಬಂದ ಕನ್ನಡ ಕೂಟದ ಗೆಳೆಯರು ಅಕ್ಕನ ಉಪ್ಪಿಟ್ಟು ತಿಂದು ಹೋದರು. ಹೋಗುವಾಗ ಒಬ್ಬೊಬ್ಬರೂ ನನ್ನ ಬೆನ್ನು ತಟ್ಟಿ, "ಪರವಾಗಿಲ್ಲ, ಎಲ್ಲರಿಗೂ ಆಗುತ್ತೆ" ಎಂದರು. ಅಷ್ಟರೊಳಗೆ ಸುದ್ದಿ ಹಾಗೆ ಹರಡಿತ್ತು.

ಸಂಜೆ ಹಲಗೆಯ ಮೇಲೆ ಕೂತು ಕಾಫಿ ಕುಡಿಯುತ್ತ ಭಾವ ತಾವಾಗಿಯೇ ಹೇಳಿದರು: ಊರ ಮನೆ ಕಟ್ಟಿಸುವಾಗ ಅಂಗಳದಲ್ಲಿ ಆಚಾರ್ರು ತಿಂಗಳುಗಟ್ಟಲೆ ಬಾಗಿಲುವಾಡ ಕೆತ್ತುತ್ತಿದ್ದರಂತೆ. ಇವರ ಕೆಲಸ ಕಾಫಿ ಲೋಟ ಒಯ್ದು ಕೊಡುವುದು. ಒಮ್ಮೆ ಉಳಿ ಮುಟ್ಟಿದ್ದಕ್ಕೆ ಅಪ್ಪ, "ಅದು ನಮ್ಮ ಕೆಲಸ ಅಲ್ಲ" ಎಂದು ಗದರಿದ್ದರಂತೆ. "ಎಷ್ಟು ಚಂದ ವಾಸನೆ ಇತ್ತು ಗೊತ್ತಾ, ಆ ಹೊಟ್ಟಿಂದು" ಎಂದರು. ನಾನು ಮಾತಾಡಲಿಲ್ಲ. ಮಾತಾಡದವನ ಕೈಗೆ ಪೊರಕೆ ಕೊಟ್ಟು, "ಕತ್ತಲಾಗೋದ್ರೊಳಗೆ ಇದಿಷ್ಟು ಗುಡಿಸ್ಬಿಡು" ಎಂದರು.

ಮುಂದಿನ ವಾರ ಹೊಸ ತೊಲೆ ಬಂತು, ಗೋಡೆ ಎದ್ದಿತು. ನಗರಸಭೆಯ ಇನ್‌ಸ್ಪೆಕ್ಟರ್ ಮೊಳೆಗಳನ್ನು ನೋಡಿ, ಅಕ್ಕ ತೊಲೆಗೆ ಹಚ್ಚಿದ್ದ ಅರಿಸಿನ ಕುಂಕುಮವನ್ನೂ ನೋಡಿ, ಏನೂ ಕೇಳದೆ ಸಹಿ ಹಾಕಿದ. ಗ್ಯಾರೇಜಿನಲ್ಲಿ ಈಗ ಟ್ರೆಡ್‌ಮಿಲ್ ಇದೆ, ಸೋನಾ ಮಸೂರಿ ಮೂಟೆಗಳಿವೆ, 16 ಅಡಿಯ ಆ ಹಳೇ ತೊಲೆಯೂ ಇದೆ. ಕಾರುಗಳು ಹೊರಗೆ ಬಿಸಿಲಲ್ಲಿವೆ. ಬರುವ ಬೇಸಿಗೆಗೆ ಭಾವ ಮಹಡಿಯ ಮೆಟ್ಟಿಲು ಬದಲಿಸುವ ಯೋಚನೆಯಲ್ಲಿದ್ದಾರೆ. ನಿಮಗೂ ಅಲ್ಲಿ ಇಂಥ ಭಾವ ಇದ್ದರೆ, ಸೋಮವಾರ ಇಳಿಯುವ ವಿಮಾನಕ್ಕೇ ಟಿಕೆಟ್ ಮಾಡಿಸಿ.