ಬೇಡ ಅನ್ನಲಾರದ ರಾಯರು

ನಮ್ಮ ರಾಯರು ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದವರು. ಸಾಲ ಕೇಳಿ ಬಂದವರಿಗೆ ‘ಆಗಲ್ಲ’ ಅನ್ನುವುದರಲ್ಲಿ ಇಡೀ ರೀಜನ್ನಿಗೇ ಹೆಸರುವಾಸಿ. ಕೊಬ್ಬರಿ ಮಂಡಿಯ ಸಾಹುಕಾರ ಬರಲಿ, ಶಾಸಕರ ಭಾಮೈದ ಬರಲಿ, ಸ್ವಂತ ಷಡ್ಡಕನೇ ಬರಲಿ, ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಫೈಲು ಮುಚ್ಚಿ, ‘ಕಾಫಿ ತಗೊಳ್ಳಿ’ ಅನ್ನುತ್ತಿದ್ದರು. ಕಾಫಿ ಬಂತೆಂದರೆ ಸಾಲ ಬರುವುದಿಲ್ಲ ಎಂದು ಊರಿಗೆಲ್ಲ ತಿಳಿದಿತ್ತು.

ಅಂಥ ರಾಯರು ಇವತ್ತು ಜಯನಗರ ನಾಲ್ಕನೇ ಬ್ಲಾಕಿಗೆ ಎರಡು ಬನಿಯನ್ ತರಲು ಹೋಗಿ, ಎಲ್ಲೋ ದೂರದ ರಾಜ್ಯದ ಹುಲಿಯೊಂದರ ಊಟದ ಖರ್ಚಿಗೆ ತಿಂಗಳಿಗಿಷ್ಟು ಎಂದು ಬರೆದುಕೊಟ್ಟು, ಬನಿಯನ್ ಮರೆತು ಮನೆಗೆ ಬರುತ್ತಾರೆ.

ಚಂದಾ ರಾಯರಿಗೆ ಹೊಸದಲ್ಲ. ಗಣೇಶನ ಚಂದಾ, ನವೆಂಬರಿನಲ್ಲಿ ರಾಜ್ಯೋತ್ಸವದ ಚಂದಾ, ಮೆಡಿಕಲ್ ಶಾಪಿನ ಕೌಂಟರಿನ ಮೇಲೆ ಕೂತ ಅನಾಥಾಶ್ರಮದ ಡಬ್ಬಿ, ಎಲ್ಲವನ್ನೂ ಕಂಡವರು. ಆ ಕಾಲದ ಚಂದಾಕ್ಕೆ ಒಂದು ಮರ್ಯಾದೆಯಿತ್ತು. ಬೀದಿಯ ಹುಡುಗರು ರಸೀದಿ ಪುಸ್ತಕ ಹಿಡಿದು ಗೇಟಿನ ಹೊರಗೆ ನಿಲ್ಲುತ್ತಿದ್ದರು. ‘ಯಜಮಾನರು ಮನೇಲಿಲ್ಲ’ ಎಂದು ಯಜಮಾನರೇ ಒಳಗಿನಿಂದ ಕೂಗಿದರೂ ನಂಬಿದಂತೆ ನಟಿಸಿ ಹೋಗುತ್ತಿದ್ದರು. ಈಗಿನವರು ಹಾಗಲ್ಲ. ಮೆಟ್ರೋ ಮೆಟ್ಟಿಲ ಬುಡ, ಚರ್ಚ್ ಸ್ಟ್ರೀಟಿನ ತಿರುವು, ಮಾಲಿನಲ್ಲಿ ಎಸ್ಕಲೇಟರ್ ಮುಗಿಯುವ ಜಾಗ, ಹೀಗೆ ಮನುಷ್ಯ ಹಿಂದಕ್ಕೆ ಹೋಗಲಾರದ ಕಡೆಯೇ ನಿಂತಿರುತ್ತಾರೆ. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬು, ಮುಖದಲ್ಲಿ ನಗು. ‘ಸರ್, ಒಂದೇ ನಿಮಿಷ!’

ವಾಮನ ಬಲಿಯ ಹತ್ತಿರ ಕೇಳಿದ್ದೂ ಬರೀ ಮೂರು ಹೆಜ್ಜೆ.

ನೂರು ಜನರ ನಡುವೆ ಆ ಹುಡುಗರು ರಾಯರನ್ನೇ ಹೇಗೆ ಆರಿಸುತ್ತಾರೆ ಎಂಬುದು ರಾಯರಿಗೆ ಬಿಡಿಸಲಾಗದ ಒಗಟು. ನನಗೇನೂ ಒಗಟಲ್ಲ. ನಿಜವಾಗಿ ಕೊಡದವನು ನೆಟ್ಟಗೆ ಮುಖ ನೋಡಿಕೊಂಡೇ ದಾಟಿ ಹೋಗುತ್ತಾನೆ. ರಾಯರು ಇಪ್ಪತ್ತು ಮಾರು ದೂರದಿಂದಲೇ ನಡಿಗೆ ನಿಧಾನಿಸಿ, ಚಾವಣಿ ನೋಡಿ, ವಾಚು ನೋಡಿ, ಇಲ್ಲದ ತುರ್ತನ್ನು ಮುಖಕ್ಕೆ ತಂದುಕೊಂಡು ಗೋಡೆಯ ಪಕ್ಕಕ್ಕೆ ಸರಿಯುತ್ತಾರೆ. ಅಷ್ಟು ಸಾಕು. ಒಮ್ಮೆ ಹೀಗೇ ತಪ್ಪಿಸಿಕೊಳ್ಳಲು ಪಕ್ಕದ ಅಂಗಡಿಗೆ ನುಗ್ಗಿದರು. ಅದು ಎಳೆ ಮಕ್ಕಳ ಸಾಮಾನಿನ ಅಂಗಡಿ. ‘ಪಾಪು ಎಷ್ಟು ತಿಂಗಳದ್ದು ಸರ್?’ ಅಂದ ಸೇಲ್ಸ್ ಹುಡುಗಿಗೂ ಇಲ್ಲ ಅನ್ನಲಾಗದೆ ಹಾಲಿನ ಬಾಟಲಿ, ಜೊಲ್ಲುಬಟ್ಟೆ ಕೊಂಡು ಹೊರಬಂದರು. ಐನೂರು ಉಳಿಸಲು ಹೋಗಿ ಏಳುನೂರು ಕಳೆದರು. ರಾಯರ ಕಿರಿಯ ಮೊಮ್ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ.

ಜಾಗೃತಿಯ ವಿಷಯದಲ್ಲಂತೂ ರಾಯರಷ್ಟು ಜಾಗೃತರಾದವರು ಬೆಂಗಳೂರಿನಲ್ಲೇ ಇರಲಾರರು. ಅಕ್ಟೋಬರ್ ಬಂತೆಂದರೆ ಸ್ತನ ಕ್ಯಾನ್ಸರಿನ ಗುಲಾಬಿ ರಿಬ್ಬನ್ನು, ನವೆಂಬರ್ 1ಕ್ಕೆ ಅರಿಶಿನ ಕುಂಕುಮ ಬಣ್ಣದ ಬ್ಯಾಡ್ಜು, 14ಕ್ಕೆ ಮಧುಮೇಹ ದಿನದ ನೀಲಿ ವೃತ್ತ, ಡಿಸೆಂಬರ್ 1ಕ್ಕೆ ಏಡ್ಸ್ ದಿನದ ಕೆಂಪು ರಿಬ್ಬನ್ನು, 7ಕ್ಕೆ ಸಶಸ್ತ್ರ ಪಡೆಗಳ ಧ್ವಜ. ಕೊನೆಯದು 1949ರಿಂದ ನಡೆದುಬಂದದ್ದು, ರಾಯರು ಶಾಲೆಯಲ್ಲಿದ್ದಾಗಲೂ ಚುಚ್ಚಿಸಿಕೊಂಡದ್ದು, ಅದಕ್ಕೆ ಯಾರ ತಕರಾರೂ ಇಲ್ಲ. ಆದರೆ ಒಟ್ಟಾರೆ ಲೆಕ್ಕದಲ್ಲಿ ವರ್ಷದ ಕೊನೆಗೆ ಅವರ ಅಂಗಿಯ ಎಡಜೇಬಿನ ಮೇಲೆ ಬಟ್ಟೆಗಿಂತ ಗುಂಡುಪಿನ್ನಿನ ತೂತುಗಳೇ ಹೆಚ್ಚು.

ಕಳೆದ ನವೆಂಬರಿನಲ್ಲಿ ಮಾಲಿನ ಮಧುಮೇಹ ಮಳಿಗೆಯಲ್ಲಿ ಬೆರಳು ಚುಚ್ಚಿಸಿಕೊಂಡರು. ಸಕ್ಕರೆ ಕಾಯಿಲೆ ಬಂದು ಎಷ್ಟೋ ವರ್ಷಗಳಾಗಿ, ಮಾತ್ರೆಯ ಡಬ್ಬಿ ಜೇಬಿನಲ್ಲೇ ಇದ್ದ ಮನುಷ್ಯ, ಮಧುಮೇಹ ಅಂದರೇನು ಎಂದು ಇಪ್ಪತ್ತರ ಹುಡುಗಿ ವಿವರಿಸುವುದನ್ನು ತಲೆದೂಗುತ್ತ ಕೇಳಿದರು. ‘ನನಗೆ ಗೊತ್ತಮ್ಮ’ ಅಂದರೆ ಆ ಮಗುವಿಗೆ ಬೇಜಾರಾಗುತ್ತದಲ್ಲ! ಕೊನೆಯಲ್ಲಿ ಅವಳು ಕ್ಯೂಆರ್ ಕೋಡ್ ತೋರಿಸಿದಳು. ರಕ್ತವೂ ಹೋಯಿತು, ರೊಕ್ಕವೂ ಹೋಯಿತು.

ಇದೆಲ್ಲ ತಪ್ಪಿಸಿಕೊಂಡು ಸೂಪರ್ ಮಾರ್ಕೆಟ್ಟಿನ ಬಿಲ್ಲಿಂಗ್ ಕೌಂಟರು ತಲುಪಿದರೆ ಅಲ್ಲಿದೆ ಕೊನೆಯ ಹೊಂಡ. ಬಿಲ್ಲು 487 ರೂಪಾಯಿ. ‘ಸರ್, 500ಕ್ಕೆ ರೌಂಡ್ ಆಫ್ ಮಾಡ್ಲಾ? ಬಡ ಮಕ್ಕಳ ಓದಿಗೆ ಹೋಗುತ್ತೆ.’ ಹುಡುಗಿ ಮೆಲ್ಲಗೇ ಕೇಳುತ್ತಾಳೆ, ಆದರೆ ರಾಯರ ಕಿವಿಗೆ ಮೈಕಿನಲ್ಲಿ ಕೇಳಿದಷ್ಟು ಜೋರು. ಹಿಂದೆ ಸಾಲಿನಲ್ಲಿ ನಿಂತವರೆಲ್ಲ ಬಡ ಮಕ್ಕಳ ಕಡೆಯ ವಕೀಲರೇ ಎಂದು ಅವರ ನಂಬಿಕೆ. ಪಾಪ, ನಿಂತವರಿಗೆ ಬೇಕಾಗಿರುವುದು ಸಾಲು ಮುಂದೆ ಹೋಗುವುದಷ್ಟೆ. ‘ಮಾಡಮ್ಮ ಮಾಡು’ ಎಂದು ರಾಯರು ಹದಿಮೂರು ರೂಪಾಯಿ ಬಿಟ್ಟು ಹೊರಬರುತ್ತಾರೆ. ಹೊರಗೆ ಫುಟ್‌ಪಾತಿನಲ್ಲಿ ಕೂತ ಕೊತ್ತಂಬರಿಯವಳ ಹತ್ತಿರ ಐದು ರೂಪಾಯಿಗಾಗಿ ಐದು ನಿಮಿಷ ಚೌಕಾಸಿ ಮಾಡುತ್ತಾರೆ. ಅವಳ ಮಕ್ಕಳ ಓದಿಗೆ ಯಾರೂ ಪೋಸ್ಟರ್ ಹಚ್ಚಿಲ್ಲ ನೋಡಿ.

ಮನೆಯಲ್ಲೇ ಕೂತು ಮೊಬೈಲಿನಲ್ಲಿ ಕೊಂಡರಾಯಿತು ಎಂದುಕೊಂಡರೆ ಅಲ್ಲೂ ಬಿಡುಗಡೆಯಿಲ್ಲ. ಟಿಕೆಟ್ಟಿನ ಹಣ ಕಟ್ಟುವಾಗ ದೇಣಿಗೆಯ ಚೌಕದಲ್ಲಿ ಯಾರೋ ಆಗಲೇ ಟಿಕ್ ಹಾಕಿಟ್ಟಿರುತ್ತಾರೆ. ಇದು ತಮ್ಮೊಬ್ಬರ ಸಂಕಟವಲ್ಲ ಎಂದು ರಾಯರಿಗೆ ಸಮಾಧಾನ ಹೇಳಿದ್ದು ಭಾರತ ಸರ್ಕಾರ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ‘ಡಾರ್ಕ್ ಪ್ಯಾಟರ್ನ್’ ಎಂಬ 13 ಬಗೆಯ ಮೋಸಗಳ ಪಟ್ಟಿಯಿದೆ. ಗಿರಾಕಿಯ ಒಪ್ಪಿಗೆಯಿಲ್ಲದೆ ಬಿಲ್ಲಿಗೆ ದೇಣಿಗೆ ಸೇರಿಸುವುದು ಅದರಲ್ಲೊಂದು, ಬೇಡ ಎಂದವನಿಗೆ ನಾಚಿಕೆಯಾಗುವಂಥ ಮಾತು ತೋರಿಸುವುದು ಇನ್ನೊಂದು. ದಾನವೆಲ್ಲ ಶ್ರೀಮಂತರಿಗೆ, ನನಗೇನು ಎಂಬ ಅರ್ಥದ ಮಾತು ತೋರಿಸಿ ಗಿರಾಕಿಯನ್ನು ಕುಗ್ಗಿಸುವುದನ್ನೂ ಅಲ್ಲಿ ಉದಾಹರಣೆಯಾಗಿ ಕೊಟ್ಟಿದ್ದಾರೆ. ರಾಯರು ಅದನ್ನು ಪ್ರಿಂಟ್ ಹಾಕಿಸಿ, ಗೆರೆ ಎಳೆದು ಓದಿದರು. ಆದರೇನು, ಅದು ಪರದೆಯ ಮೇಲಿನ ವ್ಯಾಪಾರಕ್ಕೆ ಹೇಳಿದ್ದು. ಕೌಂಟರಿನ ಹುಡುಗಿಯ ನಗುವಿಗೆ ಮಾರ್ಗಸೂಚಿ ಇನ್ನೂ ಬಂದಿಲ್ಲ.

ಹುಲಿಯ ಊಟದ ಕಂತು ಮಾತ್ರ ತಪ್ಪದೆ ನಡೆದಿದೆ. ಆಟೋ ಡೆಬಿಟ್ ಆಗುವುದಕ್ಕೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕನಿಗೆ ತಿಳಿಸಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಬೇಡವಾದರೆ ನಿಲ್ಲಿಸುವ ದಾರಿಯೂ ಅದರಲ್ಲೇ ಇರಬೇಕು. ಮಾಜಿ ಮ್ಯಾನೇಜರರಿಗೆ ಇದು ಬಾಯಿಪಾಠ. ಪ್ರತಿ ತಿಂಗಳೂ ಮೆಸೇಜು ಬರುತ್ತದೆ. ರಾಯರು ಅದನ್ನು ತೆರೆಯುತ್ತಾರೆ, ಅಂದು ಬರೆಸಿಕೊಂಡ ಹುಡುಗನ ಬೆವರಿದ ಮುಖ ನೆನಪಾಗುತ್ತದೆ, ಮುಚ್ಚುತ್ತಾರೆ. ತೆರಿಗೆಯಾದರೂ ಉಳಿಯಲಿ ಎಂದು 80ಜಿ ರಸೀದಿಗಳನ್ನೆಲ್ಲ ಫೈಲು ಮಾಡಿ ಆಡಿಟರ ಮುಂದಿಟ್ಟರು. ಆಡಿಟರು ಎರಡೇ ಹಾಳೆ ತಿರುವಿ, ‘ಸರ್, ನೀವು ಹೊಸ ತೆರಿಗೆ ಪದ್ಧತಿಯಲ್ಲಿದ್ದೀರಿ, ಇದರಲ್ಲಿ 80ಜಿ ಇಲ್ಲ’ ಎಂದು ಕಾಫಿ ತರಿಸಿದರು. ಕಾಫಿಯ ಅರ್ಥ ರಾಯರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ರಾಯರ ಹೆಂಡತಿ ಬೇರೆ ಜಾಯಮಾನ. ಒಮ್ಮೆ ಜೊತೆಯಲ್ಲಿ ಹೋದಾಗ ಅದೇ ಹುಡುಗರಲ್ಲೊಬ್ಬ ಅಡ್ಡ ನಿಂತ. ಆಕೆ ತಪ್ಪಿಸಿಕೊಳ್ಳಲಿಲ್ಲ, ನಿಂತು ವಿಚಾರಿಸಿದರು. ‘ಯಾವೂರಪ್ಪ? ಊಟ ಆಯ್ತಾ? ನಿನಗೆ ಸಂಬಳ ಕೊಡೋದು ಆ ಸಂಸ್ಥೆಯೋ, ಇನ್ಯಾರೋ?’ ಹುಡುಗ ಹಾಸನದ ಕಡೆಯವನು. ಸಂಬಳ ಕೊಡುವುದು ಏಜೆನ್ಸಿ, ದಿನಕ್ಕಿಷ್ಟು ಜನರನ್ನು ಸೇರಿಸಬೇಕೆಂದು ಟಾರ್ಗೆಟ್, ಬೆಳಗಿನಿಂದ ನಿಂತು ಕಾಲು ನೋವು. ಎಲ್ಲ ಹೇಳಿಕೊಂಡ. ಆಕೆ ಅವನಿಗೊಂದು ಮಜ್ಜಿಗೆ ಪೊಟ್ಟಣ ಕೊಡಿಸಿ, ‘ನಿನ್ನ ಕಾಗದ ಕೊಡು, ಓದಿ ನೋಡ್ತೀನಿ. ಇವತ್ತು ಬೇಡ’ ಎಂದು ಹೊರಟರು. ಹುಡುಗ ‘ಥ್ಯಾಂಕ್ಸ್ ಆಂಟಿ’ ಅಂದ. ಆಕಾಶವೇನೂ ಕಳಚಿ ಬೀಳಲಿಲ್ಲ.

ದಾರಿಯಲ್ಲಿ ರಾಯರು ಬೆರಗಾಗಿ ಕೇಳಿದರು, ‘ಅದು ಹೇಗೇ ಅಷ್ಟು ಸಲೀಸಾಗಿ ಬೇಡ ಅಂದುಬಿಟ್ಟೆ?’

‘ರೀ, ಬ್ಯಾಂಕಲ್ಲಿ ನೀವು ಹೇಗೆ ಅಂತಿದ್ರಿ?’

‘ಆಗ ಅಂದಿದ್ದು ನಾನಲ್ಲ ಕಣೇ, ಹೆಡ್ಡಾಫೀಸು.’

ಈ ಹೆಡ್ಡಾಫೀಸಿನ ಲೆಕ್ಕ ನಮಗೆಲ್ಲ ಗೊತ್ತಾಗುವುದು ತಡವಾಗಿ. ರಾಯರ ಹೆಂಡತಿಗೂ ಒಂದು ಹೆಡ್ಡಾಫೀಸಿದೆ, ಮನೆಯಲ್ಲೇ. ಪ್ರತಿವರ್ಷ ಯುಗಾದಿಯ ಹೊತ್ತಿಗೆ ಆಕೆ ಇಷ್ಟು ಹಣವೆಂದು ಎತ್ತಿಡುತ್ತಾರೆ. ಕೆಲಸದ ನಿಂಗಮ್ಮನ ಮಗಳ ಕಾಲೇಜು ಫೀಜು, ತಮ್ಮೂರಿನ ಸರ್ಕಾರಿ ಶಾಲೆಗೆ ನೋಟ್‌ಬುಕ್ಕು, ವಿಚಾರಿಸಿ ಒಪ್ಪಿದ ಒಂದು ಆಸ್ಪತ್ರೆಗೆ ಚೆಕ್ಕು. ಅದಕ್ಕೆ ರಿಬ್ಬನ್ನಿಲ್ಲ, ಫೋಟೋ ಇಲ್ಲ. ಆ ಹಣ ಸಂದಾಯವಾದ ಮೇಲೆ ಯಾವ ಮಾಲಿನ ಯಾವ ನಗುವೂ ಆಕೆಯನ್ನು ಅಲುಗಿಸುವುದಿಲ್ಲ. ರಾಯರು ವರ್ಷವಿಡೀ ಕೊಟ್ಟದ್ದು ಆಕೆ ಕೊಟ್ಟದ್ದಕ್ಕಿಂತ ಕಡಿಮೆಯೇನಲ್ಲ, ಆದರೆ ಯಾರಿಗೆ ಹೋಯಿತೆಂದು ಕೇಳಿದರೆ ಅವರಿಗೆ ನೆನಪಿರುವುದು ಹುಲಿಯೊಂದೇ.

ಕನಿಕರದಿಂದ ಕೊಟ್ಟದ್ದು ದಾನ, ಸಂಕೋಚದಿಂದ ಕೊಟ್ಟದ್ದು ದಂಡ. ಕೊಡುವುದನ್ನು ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ, ಕೇಳುವವರಲ್ಲಿ ಒಳ್ಳೆಯ ಕೆಲಸ ಮಾಡುವವರೂ ಬೇಕಾದಷ್ಟಿದ್ದಾರೆ. ಯಾರಿಗೆ, ಎಷ್ಟು, ಯಾವಾಗ ಎಂಬುದನ್ನು ಮನೆಯಲ್ಲಿ ಕೂತು, ವಿಚಾರಿಸಿ, ಕೈತುಂಬ ಕೊಡಿ. ಆಮೇಲೆ ಅಂಗಡಿಗೆ ಹೋಗಿ. ಕೌಂಟರಿನ ಹುಡುಗಿ ಕೇಳಿದರೆ ‘ಬೇಡಮ್ಮ’ ಎಂದು ನಗುತ್ತಲೇ ಹೇಳಿ, ಚಿಲ್ಲರೆ ಎಣಿಸಿಕೊಂಡು, ಹೊರಗೆ ಕೂತ ಕೊತ್ತಂಬರಿಯವಳ ಹತ್ತಿರ ಚೌಕಾಸಿ ಮಾಡದೆ ಕೊಂಡು ಬನ್ನಿ.