ಗೀಜಾದ ಮಹಾ ಪಿರಮಿಡ್ ಒಂದು ಬರಡು ಸುರಂಗ: ಪುತ್ತೂರು, ಸುಳ್ಯ, ಕಡಬ ಸೀಮೆಯ ಪ್ರಮಾಣಗಳಿಂದ ಒಂದು ಮಂಡನೆ

ಪೂರ್ವಪಕ್ಷ

ಸುಮಾರು 4,500 ವರ್ಷಗಳ ಹಿಂದೆ ಈಜಿಪ್ಟಿನ ದೊರೆ ಖುಫು ಕಟ್ಟಿಸಿದ ಮಹಾ ಪಿರಮಿಡ್ ಅವನ ಗೋರಿ ಎಂದು ಲೋಕವೆಲ್ಲ ನಂಬಿದೆ. ಪುರಾತನ ಜಗತ್ತಿನ ಏಳು ಅದ್ಭುತಗಳಲ್ಲಿ ಇಂದಿಗೂ ನಿಂತಿರುವುದು ಅದೊಂದೇ. ರೋಡ್ಸ್ ದ್ವೀಪದ ಕಂಚಿನ ವಿಗ್ರಹ ಅರುವತ್ತು ವರ್ಷ ತುಂಬುವ ಮೊದಲೇ ಭೂಕಂಪಕ್ಕೆ ಉರುಳಿತು. ಬ್ಯಾಬಿಲೋನಿನ ತೂಗುತೋಟ ಎಲ್ಲಿತ್ತೆಂಬುದೇ ಈವರೆಗೆ ಪತ್ತೆಯಾಗಿಲ್ಲ. ಆರ್‌ಟಿಸಿ ಸರಿಯಿಲ್ಲದ ತೋಟಗಳ ಗತಿಯೇ ಅಷ್ಟು.

ಗೋರಿ ಎಂಬ ಮತವನ್ನು ಹುಟ್ಟಿಸಿದವರು ದೊಡ್ಡ ವಿದ್ವಾಂಸರು, ನಿಜ. ಆದರೆ ಅವರಲ್ಲಿ ಒಬ್ಬರಿಗಾದರೂ ಅಡಿಕೆ ತೋಟವಿತ್ತೆಂದು ನಂಬಲು ಆಧಾರವಿಲ್ಲ. ತೋಟವಿದ್ದಿದ್ದರೆ ಒಳಹೊಕ್ಕ ಮರುಕ್ಷಣವೇ ಗೊತ್ತಾಗುತ್ತಿತ್ತು: ಇದು ನೀರಿಗಾಗಿ ತೋಡಿ, ನೀರು ಸಿಗದೆ ಕೈಬಿಟ್ಟ ಸುರಂಗ.

ಲಕ್ಷಣ ನಿರೂಪಣೆ

ಘಟ್ಟದ ಮೇಲಿನ ಓದುಗರಿಗಾಗಿ ಎರಡು ಮಾತು. ನಮ್ಮ ಸೀಮೆಯ ಸುರಂಗವೆಂದರೆ ಗುಡ್ಡದ ಬದಿಗೆ ಅಡ್ಡಲಾಗಿ ಕೊರೆದ ಬಾವಿ. ಒಬ್ಬ ಆಳು ಪಿಕ್ಕಾಸು ಹಿಡಿದು ಮುರಕಲ್ಲನ್ನು ಕಡಿಯುತ್ತಾ ಒಳಗೆ ಹೋಗುತ್ತಾನೆ. ಇನ್ನೊಬ್ಬ ಬುಟ್ಟಿಯಲ್ಲಿ ಮಣ್ಣು ಹೊರಗೆ ತರುತ್ತಾನೆ. ಜತೆಗೊಂದು ದೀಪ ಉರಿಯುತ್ತಿರುತ್ತದೆ. ಅದು ಮಂಕಾದರೆ ಒಳಗೆ ಗಾಳಿ ಸಾಲದು, ಹೊರಗೆ ಬರಬೇಕು. ಒಸರು ಸಿಕ್ಕಿದಲ್ಲಿಗೆ ಕೆಲಸ ನಿಂತಿತು. ನೆಲಕ್ಕೆ ಬಾಯಿಯ ಕಡೆಗೆ ಚೂರು ಇಳಿಜಾರು ಕೊಟ್ಟಿರುವುದರಿಂದ ನೀರು ತಾನಾಗಿ ಹರಿದು ಬಂದು ಕೆರೆಗೆ ಬೀಳುತ್ತದೆ. ಪಂಪೂ ಬೇಡ, ಕರೆಂಟೂ ಬೇಡ. ಪರ್ಷಿಯಾದವರು ಇದರ ದೊಡ್ಡಣ್ಣನನ್ನು ಖನಾತ್ ಎನ್ನುತ್ತಾರೆ.

ಪ್ರಮಾಣಗಳು

ಮೊದಲನೆಯದು, ಅಗತ್ಯ. ಸುಳ್ಯದ ಕಡೆ ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಮಳೆ. ಆದರೂ ಮಾರ್ಚ್ ಬಂದರೆ ಗುಡ್ಡದ ಮೇಲಿನ ತೋಟಕ್ಕೆ ನೀರಿಲ್ಲ. ಕಡಬದಲ್ಲಿ ಕುಮಾರಧಾರೆ ಕೆಳಗೆ ಹರಿಯುತ್ತಿದ್ದರೂ ಮೇಲಿನ ಸಸಿ ಬಾಡುತ್ತದೆ. ಕೈರೋದಲ್ಲಿ ಬೀಳುವುದು 25 ಮಿಲಿಮೀಟರು ಮಾತ್ರ. ನೈಲ್ ಹರಿಯುವುದು ಕೆಳಗೆ, ಖುಫುವಿನ ಜಾಗ ಇರುವುದು ದಿಬ್ಬದ ಮೇಲೆ. ಇಂಥ ಜಾಗದವನು ಮೊದಲು ಗೋರಿಯ ಯೋಚನೆ ಮಾಡುತ್ತಾನೋ, ನೀರಿನ ಯೋಚನೆಯೋ? ವಿವೇಚಿಸಿ.

ಎರಡನೆಯದು, ರಚನೆ. ಪಿರಮಿಡ್ಡಿನ ಇಳಿದಾರಿ ಸುಮಾರು ನಾಲ್ಕಡಿ ಎತ್ತರ, ಮೂರೂವರೆ ಅಡಿ ಅಗಲ, ಉದ್ದ ನೂರು ಮೀಟರಿಗೂ ಹೆಚ್ಚು. ರಾಜವೈಭವಕ್ಕೆ ಒಗ್ಗುವ ಅಳತೆಯೇ ಇದು? ಬುಟ್ಟಿ ಹೊತ್ತ ಆಳು ಬಗ್ಗಿಕೊಂಡು ಹೋಗುವ ಅಳತೆ. ಅದರ ತುದಿಯಲ್ಲಿ, ನೆಲದಿಂದ ಸುಮಾರು 30 ಮೀಟರು ಆಳದಲ್ಲಿ, ಬಂಡೆಯಲ್ಲೇ ಕಡಿದ ಒಂದು ಕೋಣೆಯಿದೆ. ಕೆಲಸ ಅರ್ಧಕ್ಕೇ ನಿಂತಿದೆ. ನೆಲದಲ್ಲೊಂದು ಗುಂಡಿ. ದಕ್ಷಿಣದ ಗೋಡೆಯಿಂದ ಇನ್ನೊಂದು ಕಿರುದಾರಿ ಹೊರಟು ಎಲ್ಲೂ ತಲುಪದೆ ಮುಗಿಯುತ್ತದೆ. ವಿದ್ವಾಂಸರು ಇದನ್ನು ರಹಸ್ಯವೆಂದಿದ್ದಾರೆ. ನೀರು ಸಿಗದಾಗ ಕೆಳಕ್ಕೊಂದು ಗುಂಡಿ, ಬಲಕ್ಕೊಂದು ಕವಲು ತೋಡಿ ನೋಡುವುದು ನಮ್ಮಲ್ಲಿ ಗೊತ್ತಿಲ್ಲದವರಿಲ್ಲ.

ಸೋಲಿಗೆ ಕಾರಣವೂ ಸ್ಪಷ್ಟ. ದಾರಿ ಸುಮಾರು 26 ಡಿಗ್ರಿಯಲ್ಲಿ ಒಳಮುಖವಾಗಿ ಇಳಿಯುತ್ತದೆ. ಒಸರು ಸಿಕ್ಕಿದ್ದರೂ ನೀರು ಹೊರಗೆ ಬರುತ್ತಿರಲಿಲ್ಲ. ಖುಫು ನೀರು ನೋಡುವವರನ್ನೂ ಕರೆಸಿರಲಿಕ್ಕಿಲ್ಲ. ಅಂಗೈಯಲ್ಲಿ ತೆಂಗಿನಕಾಯಿ ಇಟ್ಟು ನಡೆದ ಒಂದೇ ಒಂದು ಚಿತ್ರ ಗೀಜಾದ ಗೋಡೆಗಳಲ್ಲಿಲ್ಲ.

ಮೂರನೆಯದು, ಶಬ್ದಪ್ರಮಾಣ. ಒಂದು ಲಕ್ಷ ಜನ ಮೂರು ತಿಂಗಳ ಪಾಳಿಯಲ್ಲಿ 20 ವರ್ಷ ದುಡಿದರೆಂದೂ, ಅವರಿಗೆ ಕೊಟ್ಟ ಮೂಲಂಗಿ, ಈರುಳ್ಳಿ, ಬೆಳ್ಳುಳ್ಳಿಯ ಖರ್ಚನ್ನು ಪಿರಮಿಡ್ಡಿನ ಮೇಲೆಯೇ ಕೆತ್ತಿತ್ತೆಂದೂ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಹೇಳುತ್ತಾನೆ. ಆಳುಗಳ ಊಟದ ಲೆಕ್ಕ ಬರೆದಿಡುವವನು ಚಕ್ರವರ್ತಿಯಲ್ಲ, ತೋಟದ ಯಜಮಾನ. ಒಳಗಿನ ನೆಲಮಾಳಿಗೆಗೆ ನೈಲಿನ ನೀರು ಕಾಲುವೆಯಲ್ಲಿ ಬರುತ್ತಿತ್ತು ಎಂಬ ಮಾತೂ ಅವನದೇ. ಅದನ್ನು ನಂಬಿ ವೈಸ್ ಮತ್ತು ಪೆರಿಂಗ್ ಎಂಬ ಇಂಗ್ಲಿಷರು ಆ ಗುಂಡಿಯನ್ನು ಇನ್ನಷ್ಟು ಆಳ ಮಾಡಿಸಿದರು. ಹನಿ ನೀರೂ ಬರಲಿಲ್ಲ.

ಅವರು ಗೀಜಾದಲ್ಲಿ ಮದ್ದು ಸಿಡಿಸಿ ಶೋಧಿಸಿದ್ದು 1837ರಲ್ಲಿ. ಅದೇ 1837ರಲ್ಲಿ ಸುಳ್ಯದ ಕಡೆಯಿಂದ ಹೊರಟ ರೈತರ ದಂಡು ಮಂಗಳೂರಿನ ಬಾವುಟಗುಡ್ಡೆಯಲ್ಲಿ ಕಂಪನಿಯ ಧ್ವಜ ಇಳಿಸಿತು. ಈ ಎರಡು ಘಟನೆಗಳ ನಡುವೆ ಯಾವ ಸಂಬಂಧವೂ ಇಲ್ಲ. ಆದರೆ ಇಂಥ ಪ್ರಬಂಧಗಳಲ್ಲಿ ಇಸವಿ ಹೊಂದಿದರೆ ಹೇಳದೆ ಬಿಡುವ ಪದ್ಧತಿಯಿಲ್ಲ.

ಆಕ್ಷೇಪ, ಸಮಾಧಾನ

ಮೇಲಿನ ಕೋಣೆಯಲ್ಲಿ ಕಲ್ಲಿನ ಶವಪೆಟ್ಟಿಗೆ ಇದೆಯಲ್ಲ ಎಂದರೆ, ಇದೆ. ಮುಚ್ಚಳವಿಲ್ಲ, ಹೆಣವೂ ಸಿಕ್ಕಿಲ್ಲ. ಮುಚ್ಚಳವಿಲ್ಲದ, ಒಳಗೆ ಹೆಣವಿಲ್ಲದ, ಏಳೂವರೆ ಅಡಿ ಉದ್ದದ ಕಲ್ಲಿನ ತೊಟ್ಟಿಗೆ ನಮ್ಮ ಹಟ್ಟಿಗಳಲ್ಲಿ ಮರಿಗೆ ಎನ್ನುತ್ತಾರೆ. ದನಕ್ಕೆ ಅಕ್ಕಚ್ಚು ಹೊಯ್ಯುವುದು ಅದರಲ್ಲೇ.

ಹಾಗಾದರೆ ಮೇಲೆ 23 ಲಕ್ಷ ಕಲ್ಲು ಪೇರಿಸಿದ್ದೇಕೆ? ಸುರಂಗದಿಂದ ತೆಗೆದದ್ದನ್ನು ಎಲ್ಲಾದರೂ ಹಾಕಬೇಕಷ್ಟೆ. ಒಳಗಿನ ಪೊಳ್ಳಿಗೂ ಹೊರಗಿನ ರಾಶಿಗೂ ತಾಳೆಯಾಗುವುದಿಲ್ಲವೆಂದು ಲೆಕ್ಕದ ಮೇಷ್ಟ್ರುಗಳು ತಕರಾರು ತೆಗೆಯಬಹುದು. ಅವರ ತಕರಾರು ಸರಿಯಾದ್ದರಿಂದ ಅದನ್ನು ಇಲ್ಲಿ ಚರ್ಚಿಸುವುದಿಲ್ಲ.

ನಿರ್ಣಯ

ಪುತ್ತೂರಿನ ಮಗ್ಗುಲಲ್ಲೇ ಇರುವ ಅಡ್ಯನಡ್ಕದಲ್ಲಿ ಅಮೈ ಮಹಾಲಿಂಗ ನಾಯ್ಕರು ಹಗಲು ಅಡಿಕೆ, ತೆಂಗಿನ ಮರ ಹತ್ತಿ ದುಡಿದು, ಉಳಿದ ಹೊತ್ತಿನಲ್ಲಿ ಒಬ್ಬರೇ ಸುರಂಗ ತೋಡಿದರು. ಒಂದರ ಮೇಲೊಂದು ಬರಡಾಯಿತು. ಅವರು ಅದರ ಮೇಲೆ ಕಲ್ಲು ಪೇರಿಸಲಿಲ್ಲ, ಮತ್ತೊಂದು ತೋಡಿದರು. ಕೊನೆಗೆ ನೀರು ಬಂತು, ಬೋಳುಗುಡ್ಡ ತೋಟವಾಯಿತು, 2022ರಲ್ಲಿ ಪದ್ಮಶ್ರೀಯೂ ಬಂತು. ಒಂದು ಲಕ್ಷ ಆಳಿನಿಂದ ಆಗದ್ದು ಒಬ್ಬರಿಂದ ಆಯಿತು. ಅದ್ಭುತಗಳ ಪಟ್ಟಿ ಬರೆದ ಗ್ರೀಕರು ಎತ್ತರವನ್ನಷ್ಟೇ ನೋಡಿದರು. ಗುಡ್ಡದ ಒಳಗಿರುವುದು ಅವರ ಕಣ್ಣಿಗೆ ಬೀಳುವಂತಿರಲಿಲ್ಲ.

ಇಷ್ಟರಿಂದ ನಮ್ಮ ಸಿದ್ಧಾಂತ ಸ್ಥಾಪಿತವಾಯಿತು. ಈಜಿಪ್ಟಿನವರು ಒಪ್ಪದಿದ್ದರೆ ಅವರಿಷ್ಟ. ಓದುಗರಲ್ಲಿ ವಿನಂತಿ ಒಂದೇ: ಕೊಳವೆಬಾವಿ ಬಂದ ಮೇಲೆ ನಿಮ್ಮ ಅಜ್ಜ ತೋಡಿಸಿದ ಸುರಂಗದತ್ತ ನೀವು ಹೋಗಿಲ್ಲವಾದರೆ, ಬಾಯಿಗೆ ಜರಿದ ಮಣ್ಣನ್ನು ಈ ಬೇಸಿಗೆಗೆ ಮುಂಚೆ, ಕೆಲಸ ಗೊತ್ತಿದ್ದವರನ್ನು ಕರೆಸಿ ತೆಗೆಸಿ.